ಉಪ್ಪು ನೀರಲ್ಲಿ ನಿಂತ ಕಾಡು

ಇಳಿತದ ಹೊತ್ತಿಗೆ ಕುಮಟಾದ ಬಳಿ ಅಘನಾಶಿನಿ ನದಿಯ ಅಳಿವೆ ತನ್ನ ತಳ ತೋರಿಸುತ್ತದೆ. ನೀರು ಸಮುದ್ರದತ್ತ ಸರಿದು, ಕಪ್ಪು ಕೆಸರಿನ ಬಯಲು ಬಿಸಿಲಿಗೆ ಹೊಳೆಯುತ್ತದೆ. ಹೆಂಗಸರು ಮೊಣಕಾಲುದ್ದದ ನೀರಿನಲ್ಲಿ ಬಾಗಿ ಚಿಪ್ಪಿಕಲ್ಲು ಹೆಕ್ಕುತ್ತಾರೆ. ಏಡಿಗಳು ಬಿಲದಿಂದ ಬಿಲಕ್ಕೆ ಓಡುತ್ತವೆ. ಬೆಳ್ಳಕ್ಕಿಗಳು ಮೀನಿಗಾಗಿ ಕಾಯುತ್ತವೆ. ದಂಡೆಗುಂಟ ಕಾಂಡ್ಲದ (ಮ್ಯಾಂಗ್ರೋವ್) ಗಿಡಗಳು, ಬುಡದಿಂದ ನಾಲ್ಕೂ ದಿಕ್ಕಿಗೆ ಬಾಗಿ ಇಳಿದ ಬೇರುಗಳನ್ನು ಬಯಲಿಗಿಟ್ಟುಕೊಂಡು ನಿಂತಿರುತ್ತವೆ.

ಆರು ತಾಸು ಬಿಟ್ಟು ಅದೇ ಜಾಗವನ್ನು ನೋಡಿದರೆ ಕೆಸರೂ ಕಾಣದು, ಬೇರೂ ಕಾಣದು. ಸಮುದ್ರ ಒಳಗೆ ಬಂದಿರುತ್ತದೆ. ಹಸಿರು ಎಲೆಗಳ ಗೊಂಚಲಷ್ಟೇ ನೀರಿನ ಮೇಲೆ. ಇನ್ನಾರು ತಾಸಿಗೆ ಮತ್ತೆ ಕೆಸರು. ದಿನಕ್ಕೆ ಎರಡು ಸಲ ಮುಳುಗಿ, ಎರಡು ಸಲ ಮೇಲೆದ್ದು ಈ ಗಿಡಗಳು ಬದುಕು ಸಾಗಿಸುತ್ತವೆ. ಹೂ ಬಿಡುತ್ತವೆ, ಮರಿಗಿಡಗಳನ್ನು ಬೆಳೆಸುತ್ತವೆ.

ಮನಸ್ಸಿನ ಸ್ಥಿರತೆಯ ಮಾತು ಬಂದಾಗ ನಮಗೆ ಮೊದಲು ನೆನಪಾಗುವುದು ಬೆಟ್ಟ, ಬಂಡೆ. ಬಂಡೆಯ ಹಾಗೆ ಗಟ್ಟಿಯಾಗಿರು ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತೇವೆ. ಆದರೆ ಬಂಡೆಗೆ ಉಸಿರಾಡಬೇಕಾಗಿಲ್ಲ, ಹಸಿವಿಲ್ಲ, ಮಕ್ಕಳಿಲ್ಲ. ಜೀವ ಇಟ್ಟುಕೊಂಡು, ಕೆಲಸ ಮಾಡುತ್ತ, ಇನ್ನೊಬ್ಬರನ್ನು ಸಾಕುತ್ತ ಅಲುಗಾಟದ ನಡುವೆಯೇ ನೆಲೆ ನಿಲ್ಲಬೇಕಾದವರು ನಾವು. ನಮಗೆ ಬಂಡೆಗಿಂತ ಕಾಂಡ್ಲವೇ ಹತ್ತಿರದ ಗುರು. ಅದು ಹೇಗೆ ನಿಲ್ಲುತ್ತದೆ ಎಂಬುದನ್ನು ವಿವರವಾಗಿ ತಿಳಿದರೆ, ಸ್ಥೈರ್ಯದ ಬಗ್ಗೆ ನಾವು ನಂಬಿಕೊಂಡ ಕೆಲವು ಮಾತುಗಳನ್ನು ತಿದ್ದಿಕೊಳ್ಳಬೇಕಾಗುತ್ತದೆ.

ನೆಲವೂ ಅಲ್ಲ, ನೀರೂ ಅಲ್ಲ

ಶಿರಸಿಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಸುಮಾರು 120 ಕಿಲೋಮೀಟರ್ ಹರಿದು ಅಘನಾಶಿನಿ ಅರಬ್ಬಿ ಸಮುದ್ರ ಸೇರುತ್ತದೆ. ಅದರ ಹರಿವಿಗೆ ಅಡ್ಡವಾಗಿ ದೊಡ್ಡ ಅಣೆಕಟ್ಟು ಬಂದಿಲ್ಲ. ಹಾಗಾಗಿ ಅದರ ಅಳಿವೆಯಲ್ಲಿ ಸಿಹಿ ನೀರು ಮತ್ತು ಉಪ್ಪು ನೀರಿನ ಕೊಡುಕೊಳ್ಳುವಿಕೆ ಇಂದಿಗೂ ಸಹಜವಾಗಿ ನಡೆದಿದೆ. 4,801 ಹೆಕ್ಟೇರಿನ ಈ ಅಳಿವೆ 2024ರಲ್ಲಿ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಅಂದರೆ ಜಗತ್ತು ಉಳಿಸಿಕೊಳ್ಳಬೇಕಾದ ಮಹತ್ವದ ಜೌಗು ಪ್ರದೇಶಗಳಲ್ಲಿ ಇದೂ ಒಂದೆಂದು ಮನ್ನಣೆ ಪಡೆಯಿತು.

ಗಿಡವೊಂದು ಬೇರೂರಲು ಇದಕ್ಕಿಂತ ಕಷ್ಟದ ಜಾಗ ಸಿಗುವುದು ಅಪರೂಪ. ಮೊದಲನೆಯದು ಉಪ್ಪಿನ ತೊಂದರೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿನಂಶವಿದೆ. ಗದ್ದೆ ತೋಟದ ಬಹುತೇಕ ಗಿಡಗಳು ಇದನ್ನು ತಾಳಲಾರವು. ಅಳಿವೆಯಲ್ಲಿ ಉಪ್ಪಿನ ಪ್ರಮಾಣವೂ ಒಂದೇ ಸಮ ಇರುವುದಿಲ್ಲ. ಆಷಾಢ ಶ್ರಾವಣದ ನೆರೆಯಲ್ಲಿ ನೀರು ಬಹುತೇಕ ಸಿಹಿಯಾಗುತ್ತದೆ, ಬೇಸಿಗೆಯಲ್ಲಿ ಸಮುದ್ರದಷ್ಟೇ ಉಪ್ಪಾಗುತ್ತದೆ.

ಎರಡನೆಯದು ಉಸಿರಿನ ತೊಂದರೆ. ನೀರು ತುಂಬಿದ ಕೆಸರಿನಲ್ಲಿ ಗಾಳಿ ಓಡಾಡುವುದಿಲ್ಲ. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಕೆಸರನ್ನು ಒಂದಿಷ್ಟು ಕೆದಕಿದರೆ ಕೊಳೆತ ಮೊಟ್ಟೆಯ ವಾಸನೆ ಬರುವುದು ಇದೇ ಕಾರಣಕ್ಕೆ. ಅಲ್ಲಿರುವುದು ಆಮ್ಲಜನಕವಿಲ್ಲದೆ ಬದುಕುವ ಸೂಕ್ಷ್ಮಜೀವಿಗಳ ಲೋಕ.

ಮೂರನೆಯದು ನೆಲೆಯ ತೊಂದರೆ. ಕೆಸರು ಮೆತ್ತಗಿರುತ್ತದೆ, ಅಲೆ ಬಡಿಯುತ್ತದೆ, ನೀರು ಒಮ್ಮೆ ಒಳಕ್ಕೂ ಇನ್ನೊಮ್ಮೆ ಹೊರಕ್ಕೂ ಎಳೆಯುತ್ತದೆ.

ಮನುಷ್ಯನ ಕಷ್ಟಗಳೂ ಸ್ಥೂಲವಾಗಿ ಈ ಮೂರು ಬಗೆಯವೇ. ಒಳಗೆ ಸೇರಿಕೊಳ್ಳುವ ಕಹಿ, ಉಸಿರುಗಟ್ಟಿಸುವ ಪರಿಸ್ಥಿತಿ, ಕಾಲೂರಲು ಗಟ್ಟಿ ನೆಲವಿಲ್ಲದ ಭಾವ. ಈ ಮೂರಕ್ಕೂ ಕಾಂಡ್ಲದ ಬಳಿ ಬೇರೆ ಬೇರೆ ಉತ್ತರಗಳಿವೆ.

ಆಳಕ್ಕಿಂತ ಅಗಲ

ಗಟ್ಟಿಯಾಗಿ ನಿಲ್ಲಬೇಕಾದರೆ ಬೇರು ಆಳಕ್ಕಿಳಿಯಬೇಕು ಎಂಬುದು ನಾವೆಲ್ಲ ಕೇಳಿ ಬೆಳೆದ ಮಾತು. ಕಾಂಡ್ಲದ ಮಟ್ಟಿಗೆ ಈ ಮಾತು ಸಲ್ಲದು. ಆಳದ ಕೆಸರಿನಲ್ಲಿ ಉಸಿರಿಲ್ಲ; ಅಲ್ಲಿಗೆ ಇಳಿದ ಬೇರು ಬದುಕುವುದು ಕಷ್ಟ. ಆದ್ದರಿಂದ ಇದರ ಬೇರುಗಳು ಮೇಲ್ಪದರದಲ್ಲೇ ಅಗಲಕ್ಕೆ ಹರಡುತ್ತವೆ.

ಕಾಂಡದಿಂದ ಬಿಲ್ಲಿನಂತೆ ಬಾಗಿ ಹೊರಡುವ ಊರುಗೋಲು ಬೇರುಗಳು ಸುತ್ತಲೂ ಕೆಸರಿಗೆ ಇಳಿಯುತ್ತವೆ. ಮರ ಬೆಳೆದಂತೆ ಮೇಲಿನಿಂದ ಹೊಸ ಬೇರುಗಳು ಹುಟ್ಟಿ ಇನ್ನೂ ದೂರದಲ್ಲಿ ನೆಲ ಮುಟ್ಟುತ್ತವೆ. ಮದುವೆ ಮನೆಯ ಚಪ್ಪರ ಒಂದೇ ಕಂಬದ ಮೇಲೆ ನಿಲ್ಲುವುದಿಲ್ಲ. ಸುತ್ತಲಿನ ಹತ್ತಾರು ಕಂಬಗಳು ಭಾರ ಹಂಚಿಕೊಳ್ಳುತ್ತವೆ, ಒಂದು ಸಡಿಲವಾದರೂ ಉಳಿದವು ಹಿಡಿದಿರುತ್ತವೆ. ಕಾಂಡ್ಲವೂ ಹಾಗೆಯೇ. ಅಕ್ಕಪಕ್ಕದ ಮರಗಳ ಬೇರುಗಳು ಒಂದರೊಳಗೊಂದು ಹೆಣೆದುಕೊಳ್ಳುವುದರಿಂದ ಇಡೀ ತೋಪು ಒಟ್ಟಾಗಿ ಅಲೆಗೆ ಎದುರಾಗುತ್ತದೆ.

ಬದುಕಿನಲ್ಲಿಯೂ ಒಂದೇ ಆಧಾರವನ್ನು ಎಷ್ಟೇ ಆಳವಾಗಿ ನೆಚ್ಚಿಕೊಂಡರೂ ಅದು ಕಳಚಿದ ದಿನ ನಿಲ್ಲುವುದು ಕಷ್ಟ. ನೌಕರಿಯೇ ಸರ್ವಸ್ವವಾದವರು ನಿವೃತ್ತಿಯ ಮರುದಿನ ಕುಸಿಯುವುದನ್ನು ಕಂಡಿದ್ದೇವೆ. ಮಗನೊಬ್ಬನಲ್ಲೇ ಎಲ್ಲ ಆಸೆ ಇಟ್ಟ ತಾಯಿ, ಅವನು ದೂರ ಹೋದಾಗ ದಿಕ್ಕುಗೆಡುವುದನ್ನೂ ಕಂಡಿದ್ದೇವೆ. ಪ್ರೀತಿ ಆಳವಾಗಿರಲಿ. ಅದರ ಜೊತೆಗೆ ಸಂಜೆ ಭಜನೆಗೆ ಸೇರುವ ನಾಲ್ಕು ಜನ, ಕೈಗೆ ಕೆಲಸ ಕೊಡುವ ಒಂದು ಹವ್ಯಾಸ, ಕಷ್ಟ ಹೇಳಿಕೊಳ್ಳಬಹುದಾದ ಒಬ್ಬರು ನೆರೆಯವರು, ದಿನದ ಒಂದು ನಿಯಮ ಇವೂ ಇರಲಿ. ವಯಸ್ಸು ಏರಿದಂತೆ, ಭಾರ ಹೆಚ್ಚಿದಂತೆ ಹೊಸ ಆಧಾರಗಳನ್ನು ಇಳಿಬಿಡುತ್ತಲೇ ಇರಬೇಕು.

ಸೋಸುವವರು, ಹೊರಹಾಕುವವರು

ಅಘನಾಶಿನಿಯ ಉಬ್ಬರದ ನೀರಿನಿಂದಲೇ ಗೋಕರ್ಣದ ಬಳಿಯ ಸಾಣಿಕಟ್ಟಾದಲ್ಲಿ ಉಪ್ಪು ತೆಗೆಯುತ್ತಾರೆ. ಆಗರಗಳಲ್ಲಿ ನಿಂತ ನೀರು ಬಿಸಿಲಿಗೆ ಆರಿದರೆ ತಳದಲ್ಲಿ ಉಪ್ಪು ಕೂರುತ್ತದೆ. ಅಷ್ಟು ಉಪ್ಪಿರುವ ನೀರನ್ನು ಕುಡಿದೂ ಕಾಂಡ್ಲದ ಎಲೆ ಹಸಿರಾಗಿರುವುದು ಹೇಗೆ?

ಕಾಂಡ್ಲ ಬೇರಿನಲ್ಲೇ ತಡೆಯುತ್ತದೆ. ಅದರ ಬೇರಿನ ಹೊರಪದರಗಳು ನೀರಿನಲ್ಲಿರುವ ಉಪ್ಪಿನ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚನ್ನು ಹೊರಗೇ ಉಳಿಸಿ, ನೀರನ್ನಷ್ಟೇ ಒಳಗೆ ಬಿಡುತ್ತವೆ. ಇದಕ್ಕೆ ಎಲೆಗಳಿಂದ ಭಾರಿ ಸೆಳೆತ ಬೇಕು. ಸಮುದ್ರದ ನೀರಿನಿಂದ ಸಿಹಿ ನೀರು ಬೇರ್ಪಡಿಸಲು ಗಾಳಿಯ ಒತ್ತಡದ ಸುಮಾರು 25 ಪಟ್ಟು ಬಲ ಬೇಕಾಗುತ್ತದೆ. ಸದ್ದಿಲ್ಲದೆ ನಿಂತಂತೆ ಕಾಣುವ ಗಿಡದೊಳಗೆ ಹಗಲಿಡೀ ಈ ಎಳೆದಾಟ ನಡೆದಿರುತ್ತದೆ.

ಅದೇ ದಂಡೆಯಲ್ಲಿ ಬೆಳೆಯುವ ಉಪ್ಪಟ್ಟಿ ಎಂಬ ಇನ್ನೊಂದು ಗಿಡದ ದಾರಿ ಸ್ವಲ್ಪ ಬೇರೆ. ಅದರ ಬೇರೂ ಸೋಸುತ್ತದೆ. ಆದರೂ ಒಳಸೇರಿದ ಉಪ್ಪನ್ನು ಎಲೆಗಳಲ್ಲಿರುವ ಪುಟ್ಟ ಗ್ರಂಥಿಗಳು ಹೊರಗೆ ಒಸರುತ್ತವೆ. ಒಣಹವೆಯ ದಿನ ಎಲೆಯ ಮೇಲೆ ಉಪ್ಪಿನ ಹರಳು ಕಾಣಿಸುತ್ತದೆ, ನಾಲಿಗೆಗೆ ತಾಗಿಸಿದರೆ ರುಚಿ ಗೊತ್ತಾಗುತ್ತದೆ. ಗಾಳಿ ಮಳೆ ಅದನ್ನು ತೊಳೆದುಹಾಕುತ್ತವೆ.

ಮನುಷ್ಯರಲ್ಲೂ ಈ ಎರಡು ಸ್ವಭಾವಗಳಿವೆ. ಕೆಲವರಿಗೆ ಯಾವ ಮಾತನ್ನು ಒಳಗೆ ಬಿಡಬೇಕು, ಯಾವುದನ್ನು ಹೊಸ್ತಿಲಲ್ಲೇ ಬಿಟ್ಟು ಬರಬೇಕು ಎಂಬುದು ತಿಳಿದಿರುತ್ತದೆ. ಇನ್ನು ಕೆಲವರಿಗೆ ಎಲ್ಲವೂ ನಾಟುತ್ತದೆ. ಅವರು ಅತ್ತು, ಆತ್ಮೀಯರ ಬಳಿ ಹೇಳಿಕೊಂಡು, ಬರೆದು, ಹಾಡಿ ಹಗುರಾಗುತ್ತಾರೆ. ಅಳುವವರನ್ನು ಅಸ್ಥಿರರೆಂದು ತೀರ್ಮಾನಿಸುವುದು ತಪ್ಪು. ಅವರು ಉಪ್ಪನ್ನು ಹೊರಹಾಕುತ್ತಿದ್ದಾರೆ, ಒಳಗಿನ ಎಲೆ ಹಸಿರಾಗಿಯೇ ಇದೆ. ಅಪಾಯವಿರುವುದು ಸೋಸಲೂ ಆಗದೆ, ಹೊರಹಾಕಲೂ ಬಿಡದೆ ಎಲ್ಲವನ್ನೂ ಒಳಗೇ ಕೂಡಿಟ್ಟುಕೊಳ್ಳುವ ಸ್ಥಿತಿಯಲ್ಲಿ. ಅದರಲ್ಲೂ ನಮ್ಮ ಮನೆಗಳಲ್ಲಿ ಗಂಡುಮಕ್ಕಳನ್ನು ಬಾಲ್ಯದಿಂದಲೇ ಈ ಸ್ಥಿತಿಗೆ ಪಳಗಿಸುತ್ತೇವೆ.

ನಮ್ಮ ದೇಹಕ್ಕೆ ಈ ವಿದ್ಯೆ ಹೊಸದಲ್ಲ. ಉಪ್ಪಿನಕಾಯಿ ತಿಂದ ದಿನವೂ, ಸಪ್ಪೆ ಗಂಜಿ ಕುಡಿದ ದಿನವೂ ನಮ್ಮ ರಕ್ತದ ಉಪ್ಪು ಒಂದು ಕಿರಿದಾದ ಮಿತಿಯೊಳಗೇ ಇರುತ್ತದೆ. ಬಾಯಾರಿಕೆ, ಬೆವರು, ಮೂತ್ರಪಿಂಡಗಳು ಸೇರಿ ಪ್ರತಿಕ್ಷಣ ಅದನ್ನು ಸರಿತೂಗಿಸುತ್ತವೆ. ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ ಇದಕ್ಕೆ ಹೋಮಿಯೋಸ್ಟಾಸಿಸ್ ಎಂಬ ಹೆಸರು ಕೊಟ್ಟು, 1932ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ವಿಸ್ತಾರವಾಗಿ ವಿವರಿಸಿದರು. ಹೊರಗೆ ಏನೇ ಬದಲಾದರೂ ಒಳಗಿನ ಸ್ಥಿತಿ ಕಾಪಾಡಿಕೊಳ್ಳಲು ದೇಹ ಬಿಡುವಿಲ್ಲದೆ ಹೊಂದಿಸಿಕೊಳ್ಳುತ್ತಲೇ ಇರುತ್ತದೆ ಎಂಬುದು ಅದರ ತಿರುಳು. ಹೊರಗಿನಿಂದ ಸ್ಥಿರವಾಗಿ ಕಾಣುವುದೆಲ್ಲ ಒಳಗೆ ಸದಾ ದುಡಿಯುತ್ತಿರುತ್ತದೆ.

ಉಸಿರಿಗೊಂದು ಹೊತ್ತು

ಕೆಸರಿನಲ್ಲಿ ಉಸಿರಿಲ್ಲವೆಂದ ಮೇಲೆ ಬೇರುಗಳು ಬದುಕುವುದು ಹೇಗೆ? ಉಪ್ಪಟ್ಟಿಯ ಬುಡದ ಸುತ್ತ ಕೆಸರಿನಿಂದ ಮೇಲಕ್ಕೆ ಚುಚ್ಚಿಕೊಂಡು ನಿಂತ ಪೆನ್ಸಿಲ್ ಗಾತ್ರದ ಕಡ್ಡಿಗಳೇ ಇದಕ್ಕೆ ಉತ್ತರ. ಇವು ಉಸಿರಾಟದ ಬೇರುಗಳು. ಎರಡು ಮೂರು ಮೀಟರ್ ಎತ್ತರದ ಒಂದೇ ಮರಕ್ಕೆ ಇಂಥವು ಹತ್ತು ಸಾವಿರಕ್ಕೂ ಹೆಚ್ಚು ಇರಬಲ್ಲವು. ಕಾಂಡ್ಲದಲ್ಲಿ ಈ ಕೆಲಸವನ್ನು ಊರುಗೋಲು ಬೇರುಗಳೇ ಮಾಡುತ್ತವೆ. ಎರಡರ ಮೈಮೇಲೂ ಗಾಳಿಯಾಡುವ ಸಣ್ಣ ರಂಧ್ರಗಳಿವೆ, ಒಳಗೆ ಗಾಳಿ ತುಂಬಿಡುವ ಸ್ಪಂಜಿನಂಥ ಅಂಗಾಂಶವಿದೆ.

ನೀರು ಏರಿದಾಗ ರಂಧ್ರಗಳ ಮೂಲಕ ಗಾಳಿಯ ಓಡಾಟ ನಿಲ್ಲುತ್ತದೆ. ಆಗ ಬೇರು ಒಳಗೆ ತುಂಬಿಟ್ಟುಕೊಂಡ ಆಮ್ಲಜನಕದಿಂದಲೇ ಕಾಲ ಕಳೆಯುತ್ತದೆ. ಅದು ಖರ್ಚಾಗುತ್ತಿದ್ದಂತೆ ಒಳಗಿನ ಒತ್ತಡ ಇಳಿಯುತ್ತದೆ. ನೀರು ಸರಿದು ರಂಧ್ರ ತೆರೆದ ಕ್ಷಣ, ಆ ಇಳಿದ ಒತ್ತಡವೇ ಹೊಸ ಗಾಳಿಯನ್ನು ಒಳಗೆ ಸೆಳೆದುಕೊಳ್ಳುತ್ತದೆ. ವಿಜ್ಞಾನಿ ಪರ್ ಶೊಲಾಂಡರ್ ಮತ್ತು ಸಂಗಡಿಗರು 1955ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ರಂಧ್ರಗಳಿಗೆ ಗ್ರೀಸ್ ಮೆತ್ತಿ ನೋಡಿದ್ದರು. ಕೆಸರಿನೊಳಗಿನ ಬೇರಿನಲ್ಲಿ ಆಮ್ಲಜನಕ ತೀರಾ ಕೆಳಕ್ಕೆ ಕುಸಿಯಿತು.

ಮುಳುಗಿದ ಹೊತ್ತಿನಲ್ಲಿ ಗಿಡ ಸಾಯುವುದಿಲ್ಲ, ಏಕೆಂದರೆ ಅದು ಇಳಿತದ ಹೊತ್ತಿನಲ್ಲಿ ಉಸಿರು ತುಂಬಿಕೊಂಡಿತ್ತು. ಈ ಮಾತನ್ನು ನಾವು ನಮಗೇ ಮತ್ತೆ ಮತ್ತೆ ಹೇಳಿಕೊಳ್ಳಬೇಕು. ಕಷ್ಟ ಬಂದ ದಿನ ಹೊಸದಾಗಿ ಧೈರ್ಯ ಕಲಿಯಲು ಆಗುವುದಿಲ್ಲ. ನೆಮ್ಮದಿಯ ದಿನಗಳಲ್ಲಿ ಮಾಡಿದ ನಿದ್ದೆ, ನಡಿಗೆ, ಓದು, ಪ್ರಾರ್ಥನೆ, ಗೆಳೆಯರ ಜೊತೆ ಕಳೆದ ಹೊತ್ತು ಇವೇ ಮುಂದಿನ ಉಬ್ಬರಕ್ಕೆ ಕೂಡಿಟ್ಟ ಉಸಿರು. ಬಿಡುವನ್ನು ಸೋಮಾರಿತನವೆಂದು ಕಾಣುವ ಕಾಲ ಇದು. ರಾತ್ರಿ ಹತ್ತಕ್ಕೂ ಕಚೇರಿಯ ಸಂದೇಶಕ್ಕೆ ಉತ್ತರಿಸುವವರಿಗೆ, ಮನೆ ಮಂದಿ ಮಲಗಿದ ಮೇಲೂ ಅಡುಗೆಮನೆಯಲ್ಲಿ ನಿಂತಿರುವವರಿಗೆ ನೀರು ಇಳಿಯುವುದೇ ಇಲ್ಲ. ಅಂಥವರು ಸೋತರೆ ಅದು ಅವರ ದೌರ್ಬಲ್ಯವಲ್ಲ. ಉಸಿರಾಡುವ ರಂಧ್ರಗಳನ್ನು ನಾವೇ ಮುಚ್ಚಿದ್ದೇವೆ.

ತಾಯಿಮರದಲ್ಲೇ ಮೊಳೆತ ಬೀಜ

ಕಾಂಡ್ಲದ ಬೀಜ ನೆಲಕ್ಕೆ ಬಿದ್ದ ಮೇಲೆ ಮೊಳೆಯುವುದಿಲ್ಲ. ಕಾಯಿ ಇನ್ನೂ ಮರದಲ್ಲಿರುವಾಗಲೇ ಬೀಜ ಒಡೆದು, ಹಸಿರು ಕೋಡಿನಂತೆ ಕೆಳಮುಖವಾಗಿ ಬೆಳೆಯುತ್ತದೆ. ತಿಂಗಳುಗಟ್ಟಲೆ ತಾಯಿಮರದಿಂದ ಆಹಾರ ಪಡೆದು ಒಂದು ಅಡಿ, ಕೆಲವೊಮ್ಮೆ ಅದಕ್ಕೂ ಹೆಚ್ಚು ಉದ್ದವಾದ ಮೇಲೆ ಕಳಚಿಕೊಳ್ಳುತ್ತದೆ. ಇಳಿತದಲ್ಲಿ ಬಿದ್ದರೆ ಕೆಲವು ಅಲ್ಲೇ ಕೆಸರಿಗೆ ನಾಟಿಕೊಳ್ಳುತ್ತವೆ. ಉಬ್ಬರದಲ್ಲಿ ಬಿದ್ದವು ತೇಲಿ ಹೋಗಿ, ವಾರಗಳೋ ತಿಂಗಳುಗಳೋ ಕಳೆದ ಮೇಲೂ ಸರಿಯಾದ ದಂಡೆ ಸಿಕ್ಕರೆ ಬೇರು ಬಿಡಬಲ್ಲವು.

ಸಣ್ಣ ಬೀಜವನ್ನು ನೇರವಾಗಿ ಉಪ್ಪುಕೆಸರಿಗೆ ಬಿಟ್ಟರೆ ಬದುಕುವ ಸಾಧ್ಯತೆ ಕಡಿಮೆ. ಹಾಗಂತ ತಾಯಿಮರ ಅದನ್ನು ಕೊನೆಯವರೆಗೆ ಹಿಡಿದಿಟ್ಟುಕೊಳ್ಳುವುದೂ ಇಲ್ಲ. ಬೇರು ಬಿಡುವ ಶಕ್ತಿ ಬರುವವರೆಗೆ ಪೋಷಿಸಿ, ಬಂದ ಮೇಲೆ ಕೈಬಿಡುತ್ತದೆ. ಮಕ್ಕಳನ್ನು ಬೇಗ ಗಟ್ಟಿಯಾಗಿಸಬೇಕೆಂದು ಎಳೆವಯಸ್ಸಿನಲ್ಲೇ ಸ್ಪರ್ಧೆಯ ಕೆಸರಿಗೆ ತಳ್ಳುವವರೂ, ಇಪ್ಪತ್ತೈದಾದರೂ ಒಂದು ಸಣ್ಣ ನಿರ್ಧಾರವನ್ನೂ ಅವರಿಗೆ ಬಿಡದವರೂ ಈ ಮರದಿಂದ ಕಲಿಯುವುದಿದೆ. ಒಳಗಿನ ಸ್ಥೈರ್ಯ ಹುಟ್ಟಿನಿಂದ ಬರುವ ಗುಣವೆಂದು ತಿಳಿಯಬೇಕಿಲ್ಲ. ಯಾರೋ ಒಬ್ಬರು ಸಾಕಷ್ಟು ಕಾಲ ಉಣಿಸಿ ಬೆಳೆಸಿದ್ದರಿಂದ ಅದು ನಮಗೆ ಬಂದಿರುತ್ತದೆ.

ನಿಂತವರ ಮರೆಯಲ್ಲಿ

ಹೀಗೆ ನೆಲೆ ನಿಂತ ಗಿಡ ತನಗಾಗಿ ಮಾತ್ರ ನಿಂತಿರುವುದಿಲ್ಲ. ಉದುರಿದ ಎಲೆಗಳು ಏಡಿಗೆ, ಹುಳಕ್ಕೆ, ಸೂಕ್ಷ್ಮಜೀವಿಗಳಿಗೆ ಆಹಾರವಾಗಿ, ಅವುಗಳ ಮೂಲಕ ಸೀಗಡಿ ಮೀನುಗಳನ್ನು ತಲುಪುತ್ತವೆ. ಬೇರುಗಳ ಸಂದಿಯಲ್ಲಿ ಮೀನಿನ ಮರಿಗಳು ದೊಡ್ಡ ಮೀನುಗಳಿಂದ ತಪ್ಪಿಸಿಕೊಂಡು ಬೆಳೆಯುತ್ತವೆ. ಅಳಿವೆಯ ಹಳ್ಳಿಗಳ ಬುತ್ತಿ ಇರುವುದು ಅಲ್ಲಿ.

ಅಘನಾಶಿನಿ ದಂಡೆಯ, ಉಬ್ಬರದ ನೀರು ತಲುಪುವ ಗಜನಿ ಗದ್ದೆಗಳಲ್ಲಿ ಬೆಳೆಯುವ ಕಗ್ಗ ಭತ್ತವೂ ಇದೇ ನೀರಿನ ಮಗು. ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ಈ ತಳಿಯನ್ನು ಮಳೆ ಉಪ್ಪು ತೊಳೆದ ಮೇಲೆ ಬಿತ್ತುತ್ತಾರೆ. ಕೊಯ್ಲಿನ ಬಳಿಕ ಒಡ್ಡಿನ ಬಾಗಿಲು ತೆರೆದು ಉಪ್ಪು ನೀರನ್ನು ಗದ್ದೆಗೆ ಬಿಡುತ್ತಾರೆ, ಮೀನು ಸೀಗಡಿ ಹಿಡಿಯುತ್ತಾರೆ. ಸಮುದ್ರವನ್ನು ಸದಾ ಹೊರಗಿಡಲು ಹೆಣಗದೆ, ಅದು ಬರುವ ಹೊತ್ತನ್ನೂ ಬದುಕಿಗೆ ಸೇರಿಸಿಕೊಂಡ ಬೇಸಾಯ ಇದು.

ಮರಗಳ ನಿಲುವು ಜನರ ಪ್ರಾಣ ಉಳಿಸಿದ್ದೂ ಉಂಟು. 1999ರ ಅಕ್ಟೋಬರ್ 29ರಂದು ಒಡಿಶಾ ಕರಾವಳಿಗೆ ಮಹಾ ಚಂಡಮಾರುತ ಅಪ್ಪಳಿಸಿ ಸಾವಿರಾರು ಜನ ಸತ್ತರು. ಆಗ ಕೇಂದ್ರಪಾರಾ ಜಿಲ್ಲೆಯ ಹಳ್ಳಿಗಳಲ್ಲಿ ಏನಾಯಿತೆಂದು ಸೌದಾಮಿನಿ ದಾಸ್ ಮತ್ತು ಜೆಫ್ರಿ ವಿನ್ಸೆಂಟ್ ಅಧ್ಯಯನ ಮಾಡಿ 2009ರಲ್ಲಿ ಪ್ರಕಟಿಸಿದರು. ಸಮುದ್ರಕ್ಕೂ ಊರಿಗೂ ನಡುವೆ ಕಾಂಡ್ಲ ಕಾಡಿನ ಪಟ್ಟಿ ಅಗಲವಾಗಿದ್ದ ಕಡೆ ಸಾವು ಕಡಿಮೆಯಾಗಿತ್ತು. ಮನೆಯಲ್ಲಿ ಒಬ್ಬರು ನೆಲೆ ನಿಂತಿದ್ದರೆ ಉಳಿದವರಿಗೆ ಬಿರುಗಾಳಿಯ ಹೊಡೆತ ತಗ್ಗುತ್ತದೆ ಎಂಬುದು ಕಷ್ಟ ಕಂಡ ಪ್ರತಿ ಕುಟುಂಬಕ್ಕೂ ಗೊತ್ತು.

ಸ್ಥೈರ್ಯಕ್ಕೂ ಮಿತಿಯಿದೆ

ಇಷ್ಟೆಲ್ಲ ತಾಳಿಕೊಳ್ಳುವ ಕಾಂಡ್ಲವೂ ಸಾಯುತ್ತದೆ. ಅದನ್ನು ಹೇಳದೆ ಬಿಟ್ಟರೆ ಈ ಪಾಠ ಅರ್ಧ ಮಾತ್ರ, ಆ ಅರ್ಧ ಅಪಾಯಕಾರಿ ಕೂಡ.

ಉಪ್ಪು ಅತಿಯಾದ ಕಡೆ ಕಾಂಡ್ಲದ ಮರಗಳು ಕುಬ್ಜವಾಗಿಯೇ ಉಳಿಯುತ್ತವೆ. ಬೆಳೆಯಲು ಬೇಕಾದ ಶಕ್ತಿ ಉಪ್ಪಿನೊಡನೆ ಸೆಣಸುವುದರಲ್ಲಿ ಮುಗಿದುಹೋಗುತ್ತದೆ. ನೀರು ಏರಿದ್ದು ಇಳಿಯದೆ ನಿಂತುಬಿಟ್ಟರೆ, ಹೂಳು ಉಸಿರಿನ ಬೇರುಗಳನ್ನು ಮುಚ್ಚಿದರೆ, ಅವು ನಿಂತಲ್ಲೇ ಒಣಗುತ್ತವೆ.

ತಮಿಳುನಾಡಿನ ಚಿದಂಬರಂ ಬಳಿಯ ಪಿಚ್ಚಾವರಂನಲ್ಲಿ ಹೀಗೇ ಆಗಿತ್ತು. ಹಿಂದೆ ಮರಗಳನ್ನು ಸಾಲುಸಾಲಾಗಿ ಕಡಿದ ಜಾಗದಲ್ಲಿ ನೆಲ ಕುಸಿದು ತಗ್ಗಾಯಿತು. ಉಬ್ಬರದ ನೀರು ಅಲ್ಲಿಗೆ ಬಂದು ನಿಂತು, ಬಿಸಿಲಿಗೆ ಆರಿ, ಮಣ್ಣಿನ ಉಪ್ಪು ಮಿತಿಮೀರಿತು. ಅಲ್ಲಿ ಹೊಸ ಗಿಡ ಬರಲೇ ಇಲ್ಲ. ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನದವರು ಅರಣ್ಯ ಇಲಾಖೆ ಮತ್ತು ಹಳ್ಳಿಗರ ಜೊತೆ ಸೇರಿ ಅಲ್ಲಿ ಕಾಲುವೆಗಳನ್ನು ತೋಡಿಸಿದರು. ನೀರು ಬಂದು ಹೋಗುವ ದಾರಿ ತೆರೆಯಿತು, ಉಪ್ಪು ಇಳಿಯಿತು, ನೆಟ್ಟ ಗಿಡಗಳು ಹಿಡಿದವು. ಇನ್ನೂ ಗಟ್ಟಿಯಾದ ಗಿಡಕ್ಕಾಗಿ ಅವರು ಹುಡುಕಾಡಲಿಲ್ಲ. ಗಿಡದ ಸುತ್ತಲಿನ ಸ್ಥಿತಿಯನ್ನು ಸರಿಪಡಿಸಿದರು.

ನೊಂದವರಿಗೆ ನಾವು ಸುಲಭವಾಗಿ ಹೇಳುವ ಮಾತು, ಮನಸ್ಸು ಗಟ್ಟಿ ಮಾಡಿಕೋ ಎಂಬುದು. ಸಾಲದಲ್ಲಿ ಮುಳುಗಿದ ರೈತನಿಗೆ, ಹೊಡೆಸಿಕೊಳ್ಳುವ ಹೆಂಡತಿಗೆ, ಪರೀಕ್ಷೆಯ ಭಯದಲ್ಲಿ ನಿದ್ದೆಗೆಟ್ಟ ಹುಡುಗಿಗೆ ಈ ಮಾತು ಸಾಲದು. ಅವರ ಬಳಿ ನಿಂತ ನೀರಿದೆ. ಅದಕ್ಕೆ ಕಾಲುವೆ ತೋಡಬೇಕು: ಸಾಲದ ಭಾರ ಇಳಿಸುವ ದಾರಿ, ಹಿಂಸೆಯಿಂದ ಹೊರಬರುವ ದಾರಿ, ಕೇಳಿಸಿಕೊಳ್ಳುವ ಒಂದು ಕಿವಿ, ಬೇಕಾದಾಗ ವೈದ್ಯರು. ಮನಸ್ಸಿನ ತೊಳಲಾಟ ವಾರಗಟ್ಟಲೆ ಇಳಿಯದಿದ್ದರೆ ಸಹಾಯ ಕೇಳುವುದರಲ್ಲಿ ಸಂಕೋಚ ಬೇಡ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಸ್ಥೈರ್ಯ ಒಬ್ಬರದ್ದಲ್ಲ

ಕಾಂಡ್ಲದಿಂದ ಕಲಿಯುವುದನ್ನು ಎರಡು ಕೆಲಸಗಳಾಗಿ ಹೇಳಬಹುದು. ಒಂದು ನಮಗಾಗಿ ನಾವು ಮಾಡಿಕೊಳ್ಳಬೇಕಾದದ್ದು: ಆಧಾರಗಳನ್ನು ಅಗಲಿಸಿಕೊಳ್ಳುವುದು, ಒಳಬರುವುದನ್ನು ಸೋಸುವುದು, ಸೇರಿಕೊಂಡದ್ದನ್ನು ಹೊರಹಾಕುವುದು, ನೆಮ್ಮದಿಯ ಹೊತ್ತಿನಲ್ಲಿ ಉಸಿರು ತುಂಬಿಕೊಳ್ಳುವುದು. ಇವು ಒಂದು ದಿನದ ಸಾಹಸಗಳಲ್ಲ, ಹಲ್ಲುಜ್ಜುವಷ್ಟೇ ಸಾಮಾನ್ಯವಾದ ನಿತ್ಯದ ದುಡಿಮೆ.

ಇನ್ನೊಂದು ಪರರಿಗಾಗಿ ಮಾಡಬೇಕಾದದ್ದು. ನಮ್ಮ ಮನೆಯಲ್ಲಿ, ಕಚೇರಿಯಲ್ಲಿ, ತರಗತಿಯಲ್ಲಿ ಯಾರಿಗೆ ನೀರು ಇಳಿಯುತ್ತಲೇ ಇಲ್ಲ ಎಂದು ಗಮನಿಸುವುದು. ಅವರ ಕೆಲಸದಲ್ಲಿ ಒಂದು ಪಾಲು ಹೊತ್ತುಕೊಳ್ಳುವುದು, ಅವರ ಮಾತಿಗೆ ಹೊತ್ತು ಕೊಡುವುದು, ರಜೆ ಕೇಳಿದಾಗ ಕಾರಣ ಕೆದಕದೆ ಕೊಡುವುದು. ಇವೆಲ್ಲ ಕಾಲುವೆ ತೋಡುವ ಕೆಲಸಗಳೇ. ಇನ್ನೊಬ್ಬರ ತಾಳ್ಮೆಯನ್ನು ಹೊಗಳುವ ಮುನ್ನ ಆ ತಾಳ್ಮೆಗೆ ಅವರು ತೆರುತ್ತಿರುವ ಬೆಲೆಯನ್ನು ಕೇಳಿ ತಿಳಿಯಬೇಕು, ಆ ಬೆಲೆಯಲ್ಲಿ ನಮ್ಮ ಪಾಲನ್ನು ಕೊಡಬೇಕು. ನೆಲೆ ನಿಲ್ಲುವ ಶಕ್ತಿ ಪ್ರತಿ ಜೀವದೊಳಗೂ ಇದೆ. ಅದು ಉಳಿಯುವುದೂ ಅಳಿಯುವುದೂ ಸುತ್ತಲಿನವರಾದ ನಮ್ಮನ್ನೂ ಅವಲಂಬಿಸಿದೆ.